ಬೆಂಗಳೂರು ಪ್ರದೇಶದ ಯುದ್ಧಕಾಲದ ವಾಯುನೆಲೆಗಳು

ಬೆಂಗಳೂರು ಪ್ರದೇಶದ ಯುದ್ಧಕಾಲದ ವಾಯುನೆಲೆಗಳು ಎಂದರೆ ಎರಡನೆಯ ಮಹಾಯುದ್ಧದ ಅವಧಿಯಲ್ಲಿ ಅಂದಿನ ಮೈಸೂರು ಸಂಸ್ಥಾನದ ಬೆಂಗಳೂರು ಮತ್ತು ಕೋಲಾರ ಜಿಲ್ಲೆಗಳಲ್ಲಿ ಬ್ರಿಟನ್ನಿನ ರಾಯಲ್ ಏರ್ ಫೋರ್ಸ್ ಹಾಗೂ ಅಮೆರಿಕ ಸಂಯುಕ್ತ ಸಂಸ್ಥಾನದ ಸೇನಾ ವಾಯುಪಡೆ ಬಳಸಿದ ವಿಮಾನ ನಿಲ್ದಾಣಗಳು, ದುರಸ್ತಿ ಕೇಂದ್ರಗಳು ಮತ್ತು ಅವುಗಳಿಗೆ ಹೊಂದಿಕೊಂಡಿದ್ದ ಶಿಬಿರಗಳು. ಇವುಗಳಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯ ಆವರಣದಲ್ಲಿದ್ದ ಅಮೆರಿಕದ 84ನೆಯ ಏರ್ ಡಿಪೋ, ಯಲಹಂಕದ ತರಬೇತಿ ನೆಲೆ ಮತ್ತು ಕೋಲಾರದ ಬಾಂಬರ್ ನೆಲೆ ಮುಖ್ಯವಾದವು. ಯುದ್ಧಕಾಲದಲ್ಲಿ ಆಸ್ಪತ್ರೆಗಳ ಕೇಂದ್ರವಾಗಿದ್ದ ಜಾಲಹಳ್ಳಿ ಆನಂತರ ಭಾರತೀಯ ವಾಯುಪಡೆಯ ತರಬೇತಿ ನೆಲೆಯಾಯಿತು.

ವಿದೇಶಿ ಸೇನೆಗಳು 1945–46ರ ಸುಮಾರಿಗೆ ಇಲ್ಲಿಂದ ನಿರ್ಗಮಿಸಿದವು. ಆನಂತರ ಈ ನೆಲೆಗಳ ನೆನಪು ಎರಡು ಕವಲುಗಳಲ್ಲಿ ಉಳಿದುಬಂದಿದೆ. ಒಂದು, ಕೆಲವು ತಿಂಗಳು ಅಥವಾ ವರ್ಷಗಳ ಕಾಲ ಇಲ್ಲಿದ್ದು ಸ್ವದೇಶಕ್ಕೆ ಮರಳಿದ ಯೋಧರದು. ಇನ್ನೊಂದು, ನೆಲೆಗಳಲ್ಲಿ ದುಡಿದು ಅವುಗಳ ಸುತ್ತಲೇ ನೆಲೆಸಿದ ಸ್ಥಳೀಯ ಕಾರ್ಮಿಕರು ಮತ್ತು ಅವರ ಕುಟುಂಬಗಳದು. ಮೊದಲನೆಯದು ಬಹುಮಟ್ಟಿಗೆ ಇಂಗ್ಲಿಷ್ ಬರಹದಲ್ಲಿ ಸಂಗ್ರಹವಾಗಿದೆ. ಎರಡನೆಯದು ಬಹುಪಾಲು ಬಾಯಿಮಾತಿನಲ್ಲಿದ್ದು, ಆ ತಲೆಮಾರಿನೊಂದಿಗೆ ಮರೆಯಾಗುವ ಸ್ಥಿತಿಯಲ್ಲಿದೆ.

ಹಿನ್ನೆಲೆ

1941ರ ಡಿಸೆಂಬರಿನಲ್ಲಿ ಜಪಾನ್ ಯುದ್ಧವನ್ನು ಪ್ರವೇಶಿಸಿತು. 1942ರ ಫೆಬ್ರವರಿ 15ರಂದು ಸಿಂಗಾಪುರವೂ ಮಾರ್ಚ್ ತಿಂಗಳಲ್ಲಿ ರಂಗೂನ್ ನಗರವೂ ಜಪಾನಿನ ವಶವಾದವು. ಏಪ್ರಿಲ್ 5ರಂದು ಕೊಲಂಬೊ ಮೇಲೆ, ಮರುದಿನ ವಿಶಾಖಪಟ್ಟಣ ಮತ್ತು ಕಾಕಿನಾಡಗಳ ಮೇಲೆ ಜಪಾನಿ ವಿಮಾನಗಳು ಬಾಂಬ್ ಹಾಕಿದವು. ಮದ್ರಾಸಿನಿಂದ ಜನರು ಗುಂಪುಗುಂಪಾಗಿ ಒಳನಾಡಿಗೆ ಹೊರಟರು. ಪೂರ್ವ ಕರಾವಳಿ ಸುರಕ್ಷಿತವಲ್ಲವೆಂಬುದು ಸ್ಪಷ್ಟವಾದ ಮೇಲೆ ದಕ್ಷಿಣ ಭಾರತದಲ್ಲಿ ವಿಮಾನಗಳ ದುರಸ್ತಿ, ವೈಮಾನಿಕರ ತರಬೇತಿ ಮತ್ತು ಗಾಯಾಳುಗಳ ಚಿಕಿತ್ಸೆಗೆ ಒಳನಾಡಿನ ಸ್ಥಳಗಳು ಬೇಕಾದವು.

ಬೆಂಗಳೂರು ಈ ಅಗತ್ಯಕ್ಕೆ ಹಲವು ಕಾರಣಗಳಿಂದ ಒದಗಿಬಂತು. ಅದು ಕರಾವಳಿಯಿಂದ ದೂರದಲ್ಲಿ, ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಪ್ರಸ್ಥಭೂಮಿಯ ಮೇಲಿದೆ. ಮದ್ರಾಸು ಮತ್ತು ಮುಂಬಯಿಗಳಿಗೆ ರೈಲು ಸಂಪರ್ಕವಿತ್ತು. 1809ರಿಂದ ಬ್ರಿಟಿಷ್ ಸೈನ್ಯದ ದಂಡು ಇಲ್ಲಿ ಬೀಡುಬಿಟ್ಟಿತ್ತು. ಶಿವನಸಮುದ್ರದ ಜಲವಿದ್ಯುತ್ತು 1905ರಲ್ಲಿಯೇ ನಗರಕ್ಕೆ ಬಂದಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯಂತಹ ಉನ್ನತ ವಿದ್ಯಾಕೇಂದ್ರವೂ ಇತ್ತು.

ಆಡಳಿತದ ದೃಷ್ಟಿಯಿಂದ ಅಂದಿನ ಬೆಂಗಳೂರು ಎರಡು ಭಾಗವಾಗಿತ್ತು. ದಂಡು ಪ್ರದೇಶವು ‘ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್’ ಎಂಬ ಹೆಸರಿನಲ್ಲಿ ಬ್ರಿಟಿಷರ ಆಡಳಿತದಲ್ಲಿದ್ದರೆ, ಪೇಟೆ ಮತ್ತು ಸುತ್ತಲಿನ ಹಳ್ಳಿಗಳು ಮೈಸೂರು ಸಂಸ್ಥಾನಕ್ಕೆ ಸೇರಿದ್ದವು. ಮೈಸೂರು ಸಂಸ್ಥಾನವು ಯುದ್ಧನಿಧಿಗೆ ನೀಡಿದ ಕೊಡುಗೆಯ ಗೌರವಾರ್ಥವಾಗಿ 1941ರಲ್ಲಿ ಇಂಗ್ಲೆಂಡಿನಲ್ಲಿ ರಚನೆಯಾದ ರಾಯಲ್ ಏರ್ ಫೋರ್ಸಿನ 129ನೆಯ ಸ್ಕ್ವಾಡ್ರನ್ನಿಗೆ ‘ಮೈಸೂರು’ ಎಂಬ ಹೆಸರನ್ನಿಡಲಾಯಿತು. ಆ ಸ್ಕ್ವಾಡ್ರನ್ನಿನ ಲಾಂಛನದಲ್ಲಿ ಮೈಸೂರಿನ ಗಂಡಭೇರುಂಡವಿತ್ತು.

ಹಿಂದೂಸ್ತಾನ್ ಏರ್‌ಕ್ರಾಫ್ಟ್ ಮತ್ತು 84ನೆಯ ಏರ್ ಡಿಪೋ

ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಸಹಭಾಗಿತ್ವದಲ್ಲಿ 1940ರ ಡಿಸೆಂಬರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಲಿಮಿಟೆಡ್ ಸಂಸ್ಥೆಯನ್ನು ಸ್ಥಾಪಿಸಿದರು. ಸರ್ ಮಿರ್ಜಾ ಇಸ್ಮಾಯಿಲ್ ಆಗ ಸಂಸ್ಥಾನದ ದಿವಾನರಾಗಿದ್ದರು. ಬೆಂಗಳೂರು ಪೇಟೆಯ ಪೂರ್ವಕ್ಕಿದ್ದ ಹಳ್ಳಿಗಳ ಬಳಿ ಸಂಸ್ಥಾನವು ಕಾರ್ಖಾನೆಗೆ ಭೂಮಿಯನ್ನು ಒದಗಿಸಿತು. ಚೀನಾದಲ್ಲಿ ವಿಮಾನ ಕಾರ್ಖಾನೆ ನಡೆಸುತ್ತಿದ್ದ ಅಮೆರಿಕದ ವಿಲಿಯಂ ಪಾಲಿ ತಾಂತ್ರಿಕ ನೆರವು ನೀಡಿದರು. ಇಲ್ಲಿ ಜೋಡಿಸಿದ ಮೊದಲ ವಿಮಾನವಾದ ಹಾರ್ಲೋ ಪಿಸಿ-5 ತರಬೇತಿ ವಿಮಾನವನ್ನು 1941ರ ಆಗಸ್ಟಿನಲ್ಲಿ ಭಾರತ ಸರ್ಕಾರಕ್ಕೆ ಒಪ್ಪಿಸಲಾಯಿತು. ಆನಂತರ ಕರ್ಟಿಸ್ ಹಾಕ್ ಯುದ್ಧವಿಮಾನಗಳ ಜೋಡಣೆಯೂ ನಡೆಯಿತು.

1941ರಲ್ಲಿ ಭಾರತ ಸರ್ಕಾರವು ಸಂಸ್ಥೆಯಲ್ಲಿ ಪಾಲು ಪಡೆಯಿತು. 1942ರಲ್ಲಿ ಯುದ್ಧದ ತುರ್ತನ್ನು ಮುಂದಿಟ್ಟು ವಾಲ್‌ಚಂದ್ ಅವರ ಪಾಲನ್ನು ಕೊಂಡು ಆಡಳಿತವನ್ನು ಕೈಗೆತ್ತಿಕೊಂಡಿತು. ಮೈಸೂರು ಸರ್ಕಾರವು ತನ್ನ ಪಾಲನ್ನು ಉಳಿಸಿಕೊಂಡರೂ ಯುದ್ಧ ಮುಗಿಯುವವರೆಗೆ ಆಡಳಿತದಿಂದ ಹಿಂದೆ ಸರಿಯಿತು. 1943ರಲ್ಲಿ ಕಾರ್ಖಾನೆಯು ಅಮೆರಿಕದ ಸೇನಾ ವಾಯುಪಡೆಯ ಅಧೀನಕ್ಕೆ ಬಂದು ‘84ನೆಯ ಏರ್ ಡಿಪೋ’ ಎಂದು ಹೆಸರಾಯಿತು. ಹೊಸ ವಿಮಾನಗಳ ನಿರ್ಮಾಣ ನಿಂತು, ಚೀನಾ-ಬರ್ಮಾ-ಭಾರತ ರಣಾಂಗಣದ ವಿಮಾನಗಳ ಸಮಗ್ರ ದುರಸ್ತಿಯೇ ಮುಖ್ಯ ಕಾರ್ಯವಾಯಿತು.

ಈ ಬದಲಾವಣೆಗೆ ರಣಾಂಗಣದ ಸ್ವರೂಪವೇ ಕಾರಣ. ಬರ್ಮಾದ ರಸ್ತೆ ಮುಚ್ಚಿದ ಬಳಿಕ ಚೀನಾಕ್ಕೆ ಇಂಧನ, ಮದ್ದುಗುಂಡು ಮತ್ತಿತರ ಸಾಮಗ್ರಿಗಳನ್ನು ಅಸ್ಸಾಮಿನಿಂದ ಹಿಮಾಲಯದ ಪೂರ್ವದ ಚಾಚುಗಳನ್ನು ದಾಟಿ ವಿಮಾನದಲ್ಲಿಯೇ ಕೊಂಡೊಯ್ಯಬೇಕಿತ್ತು. ವೈಮಾನಿಕರು ‘ಹಂಪ್’ ಎಂದು ಕರೆಯುತ್ತಿದ್ದ ಈ ಮಾರ್ಗದಲ್ಲಿ ಎಂಜಿನ್ನುಗಳು ಬೇಗನೆ ಸವೆಯುತ್ತಿದ್ದವು. ಕೆಟ್ಟ ಎಂಜಿನ್ನುಗಳನ್ನು ಸಮುದ್ರಮಾರ್ಗವಾಗಿ ಅಮೆರಿಕಕ್ಕೆ ಕಳುಹಿಸಿ ತರಿಸಿಕೊಳ್ಳಲು ತಿಂಗಳುಗಳೇ ಬೇಕಾಗುತ್ತಿದ್ದವು. ಆದ್ದರಿಂದ ಅವನ್ನು ಪೂರ್ಣವಾಗಿ ಬಿಚ್ಚಿ, ತೊಳೆದು, ಅಳೆದು, ಸವೆದ ಭಾಗಗಳನ್ನು ಬದಲಿಸಿ, ಪರೀಕ್ಷಿಸಿ ಹಿಂದಿರುಗಿಸುವ ಕೇಂದ್ರ ಭಾರತದಲ್ಲಿಯೇ ಬೇಕಾಯಿತು. ಅಂತಹ ಕೆಲಸಕ್ಕೆ ಬೇಕಾದ ಯಂತ್ರೋಪಕರಣಗಳು ಮತ್ತು ನುರಿತ ಕೈಗಳು ಬೆಂಗಳೂರಿನಲ್ಲಿದ್ದವು.

ಇಲ್ಲಿ ಮೊದಲು ದುರಸ್ತಿಗೊಂಡದ್ದು ಕ್ಯಾಟಲೀನಾ. ನೀರಿನ ಮೇಲೆ ಇಳಿಯಬಲ್ಲ ಈ ವಿಮಾನಗಳು ಕಾರ್ಖಾನೆಗೆ ಸಮೀಪದ ಬೆಳ್ಳಂದೂರು ಕೆರೆಯಲ್ಲಿ ಇಳಿಯುತ್ತಿದ್ದವು. ಆನಂತರ ಡಕೋಟಾ ಸಾಗಣೆ ವಿಮಾನಗಳು, ಮಿಚೆಲ್ ಮತ್ತು ಲಿಬರೇಟರ್ ಬಾಂಬರುಗಳು ಸೇರಿದಂತೆ ಈ ರಣಾಂಗಣದಲ್ಲಿ ಹಾರುತ್ತಿದ್ದ ಹೆಚ್ಚಿನ ಬಗೆಯ ವಿಮಾನಗಳು ಇಲ್ಲಿಗೆ ಬಂದವು. 1945ರಲ್ಲಿ ಭಾರತದ ಆಡಳಿತಕ್ಕೆ ಮರಳುವ ವೇಳೆಗೆ ಈ ಕಾರ್ಖಾನೆಯು ಪೌರಸ್ತ್ಯ ದೇಶಗಳ ಅತಿ ದೊಡ್ಡ ವಿಮಾನ ದುರಸ್ತಿ ಕೇಂದ್ರಗಳಲ್ಲಿ ಒಂದಾಗಿತ್ತು.

ಯಲಹಂಕ

ಬೆಂಗಳೂರಿನ ಉತ್ತರಕ್ಕಿರುವ ಯಲಹಂಕದ ನೆಲೆಯು ರಾಯಲ್ ಏರ್ ಫೋರ್ಸಿನ ಪರಿವರ್ತನಾ ತರಬೇತಿಗೆ ಬಳಕೆಯಾಯಿತು. ಒಂದು ಬಗೆಯ ವಿಮಾನವನ್ನು ಹಾರಿಸಿ ರೂಢಿಯಿದ್ದ ವೈಮಾನಿಕರಿಗೆ ಹೊಸ ಬಗೆಯ ವಿಮಾನವನ್ನು ಕಲಿಸಿ ರಣಾಂಗಣಕ್ಕೆ ಮರಳಿ ಕಳುಹಿಸುವುದನ್ನು ಪರಿವರ್ತನಾ ತರಬೇತಿ ಎನ್ನುತ್ತಾರೆ. 1944ರಲ್ಲಿ ಹರಿಕೇನ್ ಯುದ್ಧವಿಮಾನಗಳ ಸ್ಥಾನದಲ್ಲಿ ಅಮೆರಿಕದ ಥಂಡರ್‌ಬೋಲ್ಟ್ ವಿಮಾನಗಳು ಬಂದಾಗ ಹಲವು ಸ್ಕ್ವಾಡ್ರನ್ನುಗಳು ಇಲ್ಲಿ ತರಬೇತಿ ಪಡೆದವು. ವೆಂಜಿಯನ್ಸ್ ಬಾಂಬರುಗಳನ್ನು ಬಿಟ್ಟು ಮಾಸ್ಕಿಟೋ ವಿಮಾನಗಳಿಗೆ ಬದಲಾದ 45ನೆಯ ಸ್ಕ್ವಾಡ್ರನ್ ಕೂಡ ಇಲ್ಲಿಯೇ ಹೊಸ ವಿಮಾನದ ಪರಿಚಯ ಮಾಡಿಕೊಂಡಿತು.

ಮಾಸ್ಕಿಟೋ ವಿಮಾನದ ಮೈ ಮತ್ತು ರೆಕ್ಕೆಗಳು ಬಹುತೇಕ ಮರದವು. ಮರದ ತೆಳುಹಲಗೆಗಳನ್ನು ಅಂಟಿನಿಂದ ಕೂಡಿಸಿ ಅವನ್ನು ರಚಿಸಲಾಗುತ್ತಿತ್ತು. 1944ರ ಕೊನೆಯ ತಿಂಗಳುಗಳಲ್ಲಿ ಭಾರತದಲ್ಲಿದ್ದ ಕೆಲವು ಮಾಸ್ಕಿಟೋಗಳು ರೆಕ್ಕೆ ಕಳಚಿ ಬಿದ್ದುದರಿಂದ ಅವುಗಳ ಹಾರಾಟವನ್ನು ತಡೆಹಿಡಿದು ಪರೀಕ್ಷಿಸಬೇಕಾಯಿತು. ಶತ್ರುವಿನ ಗುಂಡಿಗೆ ಸಿಗದೆ, ತಾವು ನಂಬಿದ ವಿಮಾನದ ಅಂಟು ಬಿಟ್ಟದ್ದರಿಂದ ಸಂಗಾತಿಗಳು ಸತ್ತರೆಂಬ ಸಂಗತಿ ಆ ದಳಗಳ ನೆನಪಿನಲ್ಲಿ ಆಳವಾಗಿ ಉಳಿದ ವಿಷಯಗಳಲ್ಲೊಂದು.

ಕೋಲಾರ

ಬೆಂಗಳೂರಿನ ಪೂರ್ವಕ್ಕೆ ಸುಮಾರು 70 ಕಿ.ಮೀ. ದೂರದ ಕೋಲಾರದಲ್ಲಿಯೂ ರಾಯಲ್ ಏರ್ ಫೋರ್ಸಿನ ನೆಲೆಯಿತ್ತು. 1944ರ ಮಧ್ಯಭಾಗದಲ್ಲಿ 82ನೆಯ ಸ್ಕ್ವಾಡ್ರನ್ ಮಾಸ್ಕಿಟೋ ವಿಮಾನಗಳಿಗೆ ಬದಲಾದದ್ದು ಇಲ್ಲಿಯೇ. ನಾಲ್ಕು ಎಂಜಿನ್ನಿನ ಲಿಬರೇಟರ್ ಬಾಂಬರುಗಳ ತರಬೇತಿ ಘಟಕವೂ ಇಲ್ಲಿತ್ತು. 1944ರ ನವೆಂಬರ್ 8ರಂದು ಆ ಘಟಕದಿಂದಲೇ 358ನೆಯ ಸ್ಕ್ವಾಡ್ರನ್ ಕೋಲಾರದಲ್ಲಿ ರಚನೆಯಾಯಿತು. 1945ರ ಜನವರಿಯಲ್ಲಿ ಅದು ಬಂಗಾಳಕ್ಕೆ ತೆರಳಿ, ಬರ್ಮಾ, ಥಾಯ್ಲೆಂಡ್ ಮತ್ತು ಇಂಡೋಚೀನಾಗಳಲ್ಲಿ ಗುಪ್ತವಾಗಿ ಕಾರ್ಯಾಚರಿಸುತ್ತಿದ್ದವರಿಗೆ ಇರುಳಿನಲ್ಲಿ ಸಾಮಗ್ರಿ ಇಳಿಸುವ ಅಪಾಯದ ಕೆಲಸದಲ್ಲಿ ತೊಡಗಿತು. ಅದೇ ವರ್ಷದ ನವೆಂಬರಿನಲ್ಲಿ ಸ್ಕ್ವಾಡ್ರನ್ ವಿಸರ್ಜನೆಗೊಂಡಿತು. ಹುಟ್ಟಿನಿಂದ ವಿಸರ್ಜನೆಯವರೆಗೆ ಸುಮಾರು ಒಂದೇ ವರ್ಷ ಬದುಕಿದ ಈ ದಳದ ಇತಿಹಾಸದಲ್ಲಿ ಕೋಲಾರವು ಜನ್ಮಸ್ಥಳವಾಗಿ ದಾಖಲಾಗಿದೆ.

ಜಾಲಹಳ್ಳಿ

ಜಾಲಹಳ್ಳಿಯು ಯುದ್ಧಕಾಲದಲ್ಲಿ ಸೇನಾ ಆಸ್ಪತ್ರೆಗಳ ಸಮುಚ್ಚಯವಾಗಿತ್ತು. ಬರ್ಮಾ ರಣಾಂಗಣದಲ್ಲಿ ಗಾಯಗೊಂಡವರು ಹಾಗೂ ಮಲೇರಿಯಾ, ಆಮಶಂಕೆಗಳಿಂದ ಬಳಲಿದವರು ಇಲ್ಲಿಗೆ ಬರುತ್ತಿದ್ದರು. ಉತ್ತರ ಆಫ್ರಿಕಾದಲ್ಲಿ ಸೆರೆಸಿಕ್ಕ ಸಾವಿರಾರು ಇಟಲಿಯ ಸೈನಿಕರನ್ನು 1941ರಿಂದ ಬೆಂಗಳೂರು ಪ್ರದೇಶದ ಶಿಬಿರಗಳಲ್ಲಿ ಇರಿಸಲಾಗಿತ್ತು. ಜಾಲಹಳ್ಳಿಯ ಹಳೆಯ ಕಟ್ಟಡಗಳಲ್ಲಿ ಕೆಲವನ್ನು ಆ ಕೈದಿಗಳೇ ಕಟ್ಟಿದರೆಂಬ ಪ್ರತೀತಿ ಇದೆ. ಯುದ್ಧದ ನಂತರ ಈ ಆವರಣವು ಭಾರತೀಯ ವಾಯುಪಡೆಗೆ ಬಂತು. 1949ರಲ್ಲಿ ಇಲ್ಲಿ ವಾಯುಪಡೆಯ ತಾಂತ್ರಿಕ ಕಾಲೇಜು ಆರಂಭವಾಯಿತು. ದೇಶದ ನಾನಾ ಭಾಗಗಳಿಂದ ಬಂದ ಹಲವು ತಲೆಮಾರಿನ ವಾಯುಯೋಧರಿಗೆ ಜಾಲಹಳ್ಳಿಯೇ ಸೇವಾಜೀವನದ ಮೊದಲ ಊರಾಯಿತು.

ನೆಲೆಗಳ ದೈನಂದಿನ ಜೀವನ

ಭಾರತದಲ್ಲಿ ಸೇವೆ ಸಲ್ಲಿಸಿದ ಬ್ರಿಟಿಷ್ ಮತ್ತು ಅಮೆರಿಕನ್ ವಾಯುಯೋಧರ ಬರಹಗಳಲ್ಲಿ ಕಾಳಗಕ್ಕಿಂತ ಹೆಚ್ಚಾಗಿ ದಿನಚರಿಯ ವಿವರಗಳು ಕಾಣಸಿಗುತ್ತವೆ. ನಾರು ಹೆಣೆದ ಚಾರ್ಪಾಯಿ ಮಂಚ, ಸೊಳ್ಳೆಪರದೆ, ಬೆಳಗ್ಗೆ ಬರುವ ಚಹಾದವನು, ಅಗಸ, ಕ್ಷೌರಿಕ, ಅಡುಗೆಯವನು ಇವರೆಲ್ಲರೂ ಅಲ್ಲಿ ಮತ್ತೆ ಮತ್ತೆ ಬರುತ್ತಾರೆ. ಮಲೇರಿಯಾ ತಡೆಯಲು ದಿನವೂ ನುಂಗಬೇಕಿದ್ದ ಮೆಪಾಕ್ರಿನ್ ಮಾತ್ರೆಯಿಂದ ಮೈಬಣ್ಣ ಹಳದಿಯಾಗುತ್ತಿದ್ದುದು ಆ ತಲೆಮಾರಿನ ಸಾಮಾನ್ಯ ನೆನಪು. ಅಸ್ಸಾಮು ಮತ್ತು ಬಂಗಾಳದ ಸೆಕೆ, ಮಳೆ, ಕೆಸರುಗಳನ್ನು ಕಂಡು ಬಂದವರಿಗೆ ಬೆಂಗಳೂರಿನ ಹವೆ ಹಿತವಾಗಿತ್ತು. ದಂಡು ಪ್ರದೇಶದ ಸೌತ್ ಪೆರೇಡ್ ರಸ್ತೆ (ಇಂದಿನ ಮಹಾತ್ಮ ಗಾಂಧಿ ರಸ್ತೆ), ಅಲ್ಲಿನ ಚಿತ್ರಮಂದಿರಗಳು ಮತ್ತು ಕಬ್ಬನ್ ಪಾರ್ಕ್ ರಜೆಯ ಸಂಜೆಗಳ ಆಕರ್ಷಣೆಗಳಾಗಿದ್ದವು.

ಮನೆಯವರೊಂದಿಗಿನ ಸಂಪರ್ಕ ಪತ್ರಗಳ ಮೂಲಕವೇ ನಡೆಯಬೇಕಿತ್ತು. ಬ್ರಿಟಿಷರು ಬಳಸುತ್ತಿದ್ದ ‘ಏರ್‌ಗ್ರಾಫ್’ ವ್ಯವಸ್ಥೆಯಲ್ಲಿ ಪತ್ರವನ್ನು ಚಿಕ್ಕ ಫಿಲ್ಮಿನ ಮೇಲೆ ಛಾಯಾಚಿತ್ರವಾಗಿ ಇಳಿಸಿ ವಿಮಾನದಲ್ಲಿ ಕಳುಹಿಸಿ, ಆಚೆ ದಡದಲ್ಲಿ ಮತ್ತೆ ಕಾಗದದ ಮೇಲೆ ಮುದ್ರಿಸಿ ವಿಳಾಸದಾರರಿಗೆ ತಲುಪಿಸುತ್ತಿದ್ದರು. ಎಲ್ಲ ಪತ್ರಗಳೂ ಸೆನ್ಸಾರ್ ಅಧಿಕಾರಿಗಳ ಕಣ್ಣು ದಾಟಿಯೇ ಹೋಗಬೇಕಿತ್ತು. ನೆಲೆಯ ಹೆಸರು, ವಿಮಾನಗಳ ಬಗೆ, ಸಹೋದ್ಯೋಗಿಗಳ ಸಾವು ಇಂತಹ ಸಂಗತಿಗಳನ್ನು ಬರೆಯುವಂತಿರಲಿಲ್ಲ. ಹೀಗಾಗಿ ಆ ಕಾಲದ ಪತ್ರಗಳನ್ನು ಉಳಿಸಿಕೊಂಡ ಕುಟುಂಬಗಳಿಗೂ ತಮ್ಮವರು ಎಲ್ಲಿದ್ದು ಏನು ಮಾಡುತ್ತಿದ್ದರೆಂಬುದು ಪತ್ರಗಳಿಂದಲೇ ತಿಳಿಯುವುದು ಕಷ್ಟ.

ಯುದ್ಧ ಮುಗಿದ ಮೇಲೂ ಬಿಡುಗಡೆ ವಿಳಂಬವಾದದ್ದು ಅಸಮಾಧಾನಕ್ಕೆ ಕಾರಣವಾಯಿತು. 1946ರ ಜನವರಿಯಲ್ಲಿ ಕರಾಚಿಯಲ್ಲಿ ಆರಂಭವಾದ ರಾಯಲ್ ಏರ್ ಫೋರ್ಸಿನ ಸಿಬ್ಬಂದಿಯ ಮುಷ್ಕರವು ಭಾರತ ಮತ್ತು ಆಗ್ನೇಯ ಏಷ್ಯಾದ ಅನೇಕ ನೆಲೆಗಳಿಗೆ ಹಬ್ಬಿತು. ತಮ್ಮನ್ನು ಬೇಗ ಮನೆಗೆ ಕಳುಹಿಸಬೇಕೆಂಬುದು ಅವರ ಮುಖ್ಯ ಬೇಡಿಕೆಯಾಗಿತ್ತು. ಮರುತಿಂಗಳೇ ಮುಂಬಯಿಯಲ್ಲಿ ಭಾರತೀಯ ನೌಕಾಪಡೆಯ ನಾವಿಕರ ಬಂಡಾಯ ನಡೆಯಿತು.

ಸ್ಥಳೀಯ ಕಾರ್ಮಿಕರು ಮತ್ತು ಹಳ್ಳಿಗಳು

ನೆಲೆಗಳ ಕೆಲಸದಲ್ಲಿ ಬಹುಪಾಲು ಸ್ಥಳೀಯರದಾಗಿತ್ತು. ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿ ಸಾವಿರಾರು ಮಂದಿ ದುಡಿಯುತ್ತಿದ್ದರು. ಫಿಟ್ಟರ್, ಟರ್ನರ್, ವೆಲ್ಡರ್, ಬಡಗಿ, ಬಣ್ಣ ಬಳಿಯುವವರು, ಗುಮಾಸ್ತರು ಎಲ್ಲರೂ ಆ ಸಮೂಹದಲ್ಲಿದ್ದರು. ಹೊಲ, ತೋಟ, ಕೆರೆಗಳ ಸುತ್ತಲಿನ ದುಡಿಮೆಗೆ ಒಗ್ಗಿದ್ದ ಹಳ್ಳಿಗಳ ನಡುವೆ, ಕೂಗು ಹಾಕುವ ಸೈರನ್, ಪಾಳಿ ಕೆಲಸ ಮತ್ತು ತಿಂಗಳ ಸಂಬಳಗಳಿಗೆ ಹೊಂದಿಕೊಂಡ ಜೀವನಕ್ರಮವೊಂದು ಕೆಲವೇ ವರ್ಷಗಳಲ್ಲಿ ನೆಲೆಗೊಂಡಿತು. ಇಂಚಿನ ಸಾವಿರದೊಂದು ಭಾಗವನ್ನು ಅಳೆಯುವ ಮೈಕ್ರೋಮೀಟರಿನ ಬಳಕೆ, ಪ್ರತಿ ಭಾಗಕ್ಕೂ ತಪಾಸಣೆಯ ಚೀಟಿ, ಪ್ರತಿ ಹಂತಕ್ಕೂ ಹೊಣೆಗಾರನ ಸಹಿ ಇವು ಅವರಿಗೆ ಇಲ್ಲಿ ರೂಢಿಯಾದ ಶಿಸ್ತು. ವಿದೇಶಿ ಸೇನೆ ಹೊರಟುಹೋದ ಮೇಲೂ ಈ ಶಿಸ್ತು ಕಾರ್ಖಾನೆಯಲ್ಲಿ ಉಳಿಯಿತು.

ಕಾಲ ಸುಲಭದ್ದಾಗಿರಲಿಲ್ಲ. ಯುದ್ಧದಿಂದ ದವಸಧಾನ್ಯ, ಸೀಮೆಎಣ್ಣೆ ಮತ್ತು ಬಟ್ಟೆಯ ಬೆಲೆ ಏರಿ, ಪಡಿತರ ವ್ಯವಸ್ಥೆ ಬಂತು. 1942ರ ಆಗಸ್ಟಿನಲ್ಲಿ ಭಾರತ ಬಿಟ್ಟು ತೊಲಗಿ ಚಳವಳಿ ಆರಂಭವಾದಾಗ ಬೆಂಗಳೂರಿನಲ್ಲಿ ವಿದ್ಯಾರ್ಥಿಗಳೂ ಕಾರ್ಮಿಕರೂ ಬೀದಿಗಿಳಿದರು. ಶಿವಮೊಗ್ಗ ಜಿಲ್ಲೆಯ ಈಸೂರಿನ ಜನ ತಮ್ಮ ಹಳ್ಳಿಯನ್ನು ಸ್ವತಂತ್ರವೆಂದು ಸಾರಿದರು. ಆ ಹೋರಾಟದ ಐವರನ್ನು 1943ರಲ್ಲಿ ಗಲ್ಲಿಗೇರಿಸಲಾಯಿತು. ಅದೇ ವರ್ಷ ಬೆಂಗಳೂರಿನ ಕಾರ್ಖಾನೆಯು ಅಮೆರಿಕದ ಸೇನೆಯ ವಶಕ್ಕೆ ಹೋಯಿತು. ಯುದ್ಧದ ಕಾರ್ಖಾನೆಯಲ್ಲಿ ಸಂಬಳಕ್ಕೆ ದುಡಿಯುತ್ತ ಸ್ವರಾಜ್ಯವನ್ನು ಬಯಸುವ ಇಕ್ಕಟ್ಟು ಆ ಕಾಲದ ಅನೇಕ ಕಾರ್ಮಿಕ ಕುಟುಂಬಗಳದಾಗಿತ್ತು. ಸೇನೆಗಳ ಇತಿಹಾಸದಲ್ಲಿ ಈ ಇಕ್ಕಟ್ಟಿಗೆ ಸ್ಥಾನವಿಲ್ಲ; ಸ್ವಾತಂತ್ರ್ಯ ಹೋರಾಟದ ಇತಿಹಾಸದಲ್ಲಿ ಆ ಕಾರ್ಮಿಕರಿಗೆ ಹೆಚ್ಚಿನ ಸ್ಥಾನವಿಲ್ಲ.

ಯುದ್ಧದ ಅಗತ್ಯವು ಶಿಕ್ಷಣದ ಮೇಲೂ ಪರಿಣಾಮ ಬೀರಿತು. 1942ರ ಡಿಸೆಂಬರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವೈಮಾನಿಕ ಎಂಜಿನಿಯರಿಂಗ್ ವಿಭಾಗ ಆರಂಭವಾಯಿತು. ಹಿಂದೂಸ್ತಾನ್ ಏರ್‌ಕ್ರಾಫ್ಟಿನಲ್ಲಿದ್ದ ಡಾ. ವಿ. ಎಂ. ಘಾಟಗೆ ಅದರ ಮುಖ್ಯಸ್ಥರಾದರು. ಮುಂದೆ ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯ ಅಧ್ಯಕ್ಷರಾದ ಸತೀಶ್ ಧವನ್ ಅವರು ಯುದ್ಧದ ಕೊನೆಯ ಅವಧಿಯಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟಿನಲ್ಲಿ ತರಬೇತಿ ಪಡೆದರು.

ಯುದ್ಧಾನಂತರ

ಯುದ್ಧ ಮುಗಿದೊಡನೆ ದುರಸ್ತಿಯ ಕೆಲಸ ಇಳಿಮುಖವಾಯಿತು. ಕಾರ್ಖಾನೆಯು ಸೇನೆ ಬಿಟ್ಟುಹೋದ ಡಕೋಟಾಗಳನ್ನು ನಾಗರಿಕ ಬಳಕೆಗೆ ಮಾರ್ಪಡಿಸುವ ಹಾಗೂ ರೈಲು ಬೋಗಿಗಳನ್ನು ತಯಾರಿಸುವ ಕೆಲಸಗಳನ್ನು ಕೈಗೆತ್ತಿಕೊಂಡಿತು. ಯುದ್ಧಕಾಲದಲ್ಲಿ ಗಳಿಸಿದ ಪರಿಣತಿಯ ನೇರ ಫಲ ಕಂಡದ್ದು 1948ರಲ್ಲಿ. ಕಾನ್ಪುರದ ಚಕೇರಿಯಲ್ಲಿ ಬ್ರಿಟಿಷರು ಮತ್ತೆ ಹಾರದಂತೆ ಕೆಡಿಸಿ ಬಿಟ್ಟುಹೋಗಿದ್ದ ಲಿಬರೇಟರ್ ಬಾಂಬರುಗಳನ್ನು ಹಿಂದೂಸ್ತಾನ್ ಏರ್‌ಕ್ರಾಫ್ಟಿನ ತಂಡವು ಪರಿಶೀಲಿಸಿ, ಹಾರುವಷ್ಟರ ಮಟ್ಟಿಗೆ ಸರಿಪಡಿಸಿತು. ಸಂಸ್ಥೆಯ ಪರೀಕ್ಷಾ ವೈಮಾನಿಕ ಜಮ್‌ಶೆಡ್ ಮುನ್ಷಿ ಅವರು ಅವನ್ನು ಒಂದೊಂದಾಗಿ ಬೆಂಗಳೂರಿಗೆ ಹಾರಿಸಿ ತಂದರು. ಇಲ್ಲಿ ಪೂರ್ಣವಾಗಿ ದುರಸ್ತಿಗೊಂಡ ಹತ್ತಾರು ಲಿಬರೇಟರುಗಳು ಭಾರತೀಯ ವಾಯುಪಡೆಯಲ್ಲಿ 1968ರವರೆಗೆ ಸೇವೆ ಸಲ್ಲಿಸಿದವು. ಬ್ರಿಟನ್, ಅಮೆರಿಕ ಮತ್ತು ಕೆನಡಾದ ವಸ್ತುಸಂಗ್ರಹಾಲಯಗಳಲ್ಲಿ ಇಂದು ಉಳಿದಿರುವ ಕೆಲವು ಲಿಬರೇಟರುಗಳು ಹೀಗೆ ಬೆಂಗಳೂರಿನಲ್ಲಿ ಮರುಜೀವ ಪಡೆದವುಗಳೇ ಆಗಿವೆ.

ಘಾಟಗೆ ಅವರ ನೇತೃತ್ವದಲ್ಲಿ ವಿನ್ಯಾಸಗೊಂಡ ಎಚ್‌ಟಿ-2 ತರಬೇತಿ ವಿಮಾನವು 1951ರ ಆಗಸ್ಟಿನಲ್ಲಿ ಮೊದಲ ಬಾರಿಗೆ ಹಾರಿತು. 1964ರಲ್ಲಿ ಸಂಸ್ಥೆಯು ಹಿಂದೂಸ್ತಾನ್ ಏರೋನಾಟಿಕ್ಸ್ ಲಿಮಿಟೆಡ್ (ಎಚ್‌ಎಎಲ್) ಆಯಿತು. ಜಾಲಹಳ್ಳಿಯ ನೆಲೆಯ ಆಸುಪಾಸಿನಲ್ಲಿ 1953ರಲ್ಲಿ ಹಿಂದೂಸ್ತಾನ್ ಮಷೀನ್ ಟೂಲ್ಸ್, 1954ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಸ್ಥಾಪನೆಯಾದವು. ಯಲಹಂಕವು 1960ರ ದಶಕದಿಂದ ಭಾರತೀಯ ವಾಯುಪಡೆಯ ಪೂರ್ಣ ಪ್ರಮಾಣದ ನೆಲೆಯಾಗಿ, 1996ರಿಂದ ‘ಏರೋ ಇಂಡಿಯಾ’ ವೈಮಾನಿಕ ಪ್ರದರ್ಶನದ ತಾಣವಾಗಿದೆ.

ನೆನಪುಗಳು

ವಿದೇಶಿ ಯೋಧರು

ಚೀನಾ-ಬರ್ಮಾ-ಭಾರತ ರಣಾಂಗಣದಲ್ಲಿ ಸೇವೆ ಸಲ್ಲಿಸಿದ ಅಮೆರಿಕನ್ನರು ಯುದ್ಧಾನಂತರ ತಮ್ಮದೇ ಸಂಘವನ್ನು ಕಟ್ಟಿಕೊಂಡರು. ಅದರ ಸ್ಥಳೀಯ ಶಾಖೆಗಳನ್ನು ‘ಬಾಶಾ’ ಎಂದು ಕರೆಯುತ್ತಿದ್ದರು. ಅಸ್ಸಾಮು ಮತ್ತು ಬಂಗಾಳದಲ್ಲಿ ಅವರು ವಾಸವಾಗಿದ್ದ ಬಿದಿರಿನ ಗುಡಿಸಲಿನ ಹೆಸರದು. ಯುದ್ಧಕಾಲದಲ್ಲಿ ದೆಹಲಿಯಿಂದ ಹೊರಡುತ್ತಿದ್ದ ‘ರೌಂಡಪ್’ ಎಂಬ ಸೈನಿಕರ ಪತ್ರಿಕೆಯ ನೆನಪಿನಲ್ಲಿ ಹಳೆಯ ಯೋಧರು ‘ಎಕ್ಸ್-ಸಿಬಿಐ ರೌಂಡಪ್’ ಎಂಬ ಪತ್ರಿಕೆಯನ್ನು ದಶಕಗಳ ಕಾಲ ನಡೆಸಿದರು. ಬ್ರಿಟನ್ನಿನಲ್ಲಿ 1951ರಲ್ಲಿ ಸ್ಥಾಪನೆಯಾದ ಬರ್ಮಾ ಸ್ಟಾರ್ ಅಸೋಸಿಯೇಷನ್ ಇಂತಹದೇ ಕೆಲಸ ಮಾಡಿತು. ತಾವು ಕಾದಿದ ರಣಾಂಗಣವನ್ನು ಯೂರೋಪಿನ ಯುದ್ಧದ ನೆರಳಿನಲ್ಲಿ ಸ್ವದೇಶ ಮರೆತಿದೆ ಎಂಬ ಭಾವನೆ ಈ ಸಂಘಗಳ ಸದಸ್ಯರನ್ನು ಒಟ್ಟಿಗೆ ಹಿಡಿದಿಟ್ಟಿತು.

ಇಪ್ಪತ್ತೊಂದನೆಯ ಶತಮಾನದ ಆರಂಭದಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಯೋಧರ ನೆನಪುಗಳನ್ನು ಧ್ವನಿಮುದ್ರಿಸುವ ಯೋಜನೆಯನ್ನೂ, ಬ್ರಿಟನ್ನಿನ ಬಿಬಿಸಿ ಸಂಸ್ಥೆಯು ಸಾಮಾನ್ಯ ಜನರ ಯುದ್ಧಕಾಲದ ನೆನಪುಗಳನ್ನು ಸಂಗ್ರಹಿಸುವ ಯೋಜನೆಯನ್ನೂ ಕೈಗೊಂಡವು. ಭಾರತದ ನೆಲೆಗಳಲ್ಲಿದ್ದವರ ಮಾತುಗಳೂ ಹೀಗೆ ದಾಖಲಾದವು. ದಕ್ಷಿಣ ಭಾರತದ ಅನೇಕ ಊರುಗಳಲ್ಲಿ ಚದುರಿದ್ದ ಯುದ್ಧಕಾಲದ ಸಮಾಧಿಗಳನ್ನು ಒಂದೆಡೆ ತಂದು ಚೆನ್ನೈನ ನಂದಂಬಾಕ್ಕಂ ಬಳಿ ಮದ್ರಾಸ್ ಯುದ್ಧ ಸ್ಮಶಾನವನ್ನು ರೂಪಿಸಲಾಯಿತು. ಭಾರತದಲ್ಲಿ ಮಡಿದ ಅಮೆರಿಕನ್ನರ ಅವಶೇಷಗಳನ್ನು ಆ ದೇಶವು ಯುದ್ಧಾನಂತರ ಹಿಂದಕ್ಕೆ ಕೊಂಡೊಯ್ದಿತು.

ಕಾರ್ಮಿಕ ಕುಟುಂಬಗಳು

ಕಾರ್ಖಾನೆಯ ಸುತ್ತ ವಿಮಾನಪುರ ಎಂಬ ಬಡಾವಣೆ ಬೆಳೆಯಿತು. ವಸತಿಗೃಹಗಳು, ಶಾಲೆ, ಆಸ್ಪತ್ರೆ, ಸಹಕಾರ ಸಂಘ ಮತ್ತು ಆಟದ ಮೈದಾನಗಳ ನಡುವೆ ಬೆಳೆದ ಮಕ್ಕಳಲ್ಲಿ ಅನೇಕರು ತಂದೆಯಂತೆಯೇ ಕಾರ್ಖಾನೆಯನ್ನು ಸೇರಿದರು. ಒಂದೇ ಕುಟುಂಬದ ಎರಡು ಮೂರು ತಲೆಮಾರುಗಳು ದುಡಿದ ಉದಾಹರಣೆಗಳು ಬೆಂಗಳೂರಿನ ಸಾರ್ವಜನಿಕ ಉದ್ಯಮಗಳಲ್ಲಿ ಅಪರೂಪವಲ್ಲ. ಇಂತಹ ಮನೆಗಳಲ್ಲಿ ನೆಲೆಯ ನೆನಪು ಉಳಿದಿರುವುದು ಸೇವಾ ಪುಸ್ತಕ, ಗೇಟ್ ಪಾಸ್, ವಿಭಾಗದ ಸಾಮೂಹಿಕ ಛಾಯಾಚಿತ್ರ, ಹಳೆಯ ಉಪಕರಣ ಮೊದಲಾದವುಗಳ ರೂಪದಲ್ಲಿ ಮತ್ತು ಹಿರಿಯರು ಹೇಳುತ್ತಿದ್ದ ಮಾತುಗಳಲ್ಲಿ.

ವಿದೇಶಿ ಯೋಧರ ಮತ್ತು ಸ್ಥಳೀಯ ಕುಟುಂಬಗಳ ನೆನಪುಗಳ ನಡುವೆ ಮೂಲಭೂತ ವ್ಯತ್ಯಾಸವಿದೆ. ಬಂದು ಹೋದವರಿಗೆ ನೆಲೆಯೆಂಬುದು ಯೌವನದ ಒಂದು ಮುಗಿದ ಅಧ್ಯಾಯ. ಅದನ್ನು ಬರೆದಿಡುವ ತುಡಿತ ಅವರಿಗಿತ್ತು. ಇಲ್ಲಿಯೇ ಉಳಿದವರಿಗೆ ಅದು ಮುಂದುವರಿದ ನೌಕರಿ. ಆಡಳಿತ ಬದಲಾದರೂ ಕೆಲಸದ ಸ್ಥಳ ಅದೇ ಆಗಿತ್ತು. ಆದ್ದರಿಂದ ‘ಯುದ್ಧಕಾಲ’ವನ್ನು ಪ್ರತ್ಯೇಕಿಸಿ ದಾಖಲಿಸಬೇಕೆಂಬ ಪ್ರಶ್ನೆಯೇ ಬಹುಮಂದಿಗೆ ಬರಲಿಲ್ಲ. ಆ ಯೋಧರ ಬರಹಗಳಲ್ಲಿ ಸ್ಥಳೀಯರು ಅನೇಕ ವೇಳೆ ಹೆಸರಿಲ್ಲದ ‘ಬೇರರ್’ ಅಥವಾ ‘ಕೂಲಿ’ಗಳಾಗಿ ಮಾತ್ರ ಕಾಣಿಸಿಕೊಳ್ಳುತ್ತಾರೆ.

ಸ್ಥಳನಾಮಗಳು

ನಗರದ ಪೂರ್ವಭಾಗದ ಸ್ಥಳನಾಮಗಳು ವಿಮಾನಗಳ ನೆನಪನ್ನು ಇನ್ನೊಂದು ರೀತಿಯಲ್ಲಿ ಹಿಡಿದಿಟ್ಟಿವೆ. ವಿಮಾನಪುರದ ಹೆಸರೇ ಇದಕ್ಕೆ ಸಾಕ್ಷಿ. 1970ರ ಜನವರಿ 10ರಂದು ಎಚ್‌ಎಫ್-24 ಮಾರುತ್ ವಿಮಾನದ ಪರೀಕ್ಷಾ ಹಾರಾಟದಲ್ಲಿ ಮೃತರಾದ ಗ್ರೂಪ್ ಕ್ಯಾಪ್ಟನ್ ಸುರಂಜನ್ ದಾಸ್ ಅವರ ಹೆಸರನ್ನು ಅಲ್ಲಿನ ರಸ್ತೆಯೊಂದಕ್ಕೆ ಇಡಲಾಗಿದೆ. ಮುರುಗೇಶಪಾಳ್ಯದ ವಿಂಡ್ ಟನಲ್ ರಸ್ತೆಯು ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದ ವಾಯುಸುರಂಗದಿಂದ ಹೆಸರು ಪಡೆದಿದೆ. ನಾಗರಿಕ ವಿಮಾನ ಸಂಚಾರವು 2008ರ ಮೇ ತಿಂಗಳಿನಲ್ಲಿ ದೇವನಹಳ್ಳಿಗೆ ಸ್ಥಳಾಂತರಗೊಂಡಿದ್ದರೂ ಹಳೆಯ ವಿಮಾನ ನಿಲ್ದಾಣ ರಸ್ತೆಯ ಹೆಸರು ಬದಲಾಗಿಲ್ಲ.

ನೆನಪುಗಳ ಮಿತಿ

ಬಾಯಿಮಾತಿನ ನೆನಪುಗಳನ್ನು ಇತಿಹಾಸದ ಆಕರವಾಗಿ ಬಳಸುವಾಗ ಎಚ್ಚರ ಅಗತ್ಯ. ಕಾಲ ಸರಿದಂತೆ ಬೇರೆ ಬೇರೆ ವರ್ಷಗಳ ಘಟನೆಗಳು ಒಂದಾಗುತ್ತವೆ. ಬ್ರಿಟಿಷರು ಮತ್ತು ಅಮೆರಿಕನ್ನರ ನಡುವಿನ ಭೇದ ಅಳಿಸಿಹೋಗುತ್ತದೆ. ಕೇಳಿದ್ದು ಕಂಡದ್ದಾಗಿ ಮಾರ್ಪಡುತ್ತದೆ. ಮಾರತ್‌ಹಳ್ಳಿಗೆ ಆ ಹೆಸರು ಬಂದದ್ದು ಅಲ್ಲಿ ಬಿದ್ದ ಮಾರುತ್ ವಿಮಾನದಿಂದ ಎಂಬ ಜನಪ್ರಿಯ ವಿವರಣೆ ಇದಕ್ಕೆ ಉದಾಹರಣೆ. ಮಾರುತ್ ಮೊದಲ ಬಾರಿಗೆ ಹಾರಿದ್ದು 1961ರಲ್ಲಿ; ಹಳ್ಳಿಯ ಹೆಸರು ಅದಕ್ಕಿಂತ ಹಳೆಯದು. ಆದರೂ ಇಂತಹ ಕಥೆಗಳು ನಿರರ್ಥಕವಲ್ಲ. ಒಂದು ಪ್ರದೇಶದ ಜನ ತಮ್ಮ ಊರಿನ ಗುರುತನ್ನು ವಿಮಾನಗಳೊಂದಿಗೆ ಎಷ್ಟು ನಿಕಟವಾಗಿ ಬೆಸೆದುಕೊಂಡಿದ್ದಾರೆಂಬುದನ್ನು ಅವು ತೋರಿಸುತ್ತವೆ. ದಿನಾಂಕ ಮತ್ತು ಘಟಕಗಳ ವಿಷಯದಲ್ಲಿ ಸೇನಾ ದಾಖಲೆಗಳು ಹೆಚ್ಚು ವಿಶ್ವಾಸಾರ್ಹ. ಕೆಲಸದ ರೀತಿ, ಸಂಬಳ, ಊಟ, ಭಯ, ಸ್ನೇಹಗಳ ವಿಷಯದಲ್ಲಿ ಆ ದಾಖಲೆಗಳು ಮೌನವಾಗಿದ್ದು, ನೆನಪುಗಳೇ ಮುಖ್ಯ ಆಕರವಾಗಿವೆ.

ಇಂದಿನ ಸ್ಥಿತಿ

84ನೆಯ ಏರ್ ಡಿಪೋ ಇದ್ದ ಆವರಣವು ಇಂದಿಗೂ ಎಚ್‌ಎಎಲ್ ಕಾರ್ಖಾನೆ ಮತ್ತು ವಿಮಾನ ನಿಲ್ದಾಣವಾಗಿ ಬಳಕೆಯಲ್ಲಿದೆ. 2001ರಲ್ಲಿ ತೆರೆದ ಎಚ್‌ಎಎಲ್ ಪಾರಂಪರಿಕ ಕೇಂದ್ರ ಮತ್ತು ವೈಮಾನಿಕ ವಸ್ತುಸಂಗ್ರಹಾಲಯದಲ್ಲಿ ಸಂಸ್ಥೆಯ ಇತಿಹಾಸವನ್ನು ವಿಮಾನಗಳು, ಎಂಜಿನ್ನುಗಳು ಮತ್ತು ಛಾಯಾಚಿತ್ರಗಳ ಮೂಲಕ ನಿರೂಪಿಸಲಾಗಿದೆ. ಯಲಹಂಕ ಮತ್ತು ಜಾಲಹಳ್ಳಿಗಳು ಭಾರತೀಯ ವಾಯುಪಡೆಯ ನೆಲೆಗಳಾಗಿ ಮುಂದುವರಿದಿವೆ. ಕ್ಯಾಟಲೀನಾಗಳು ಇಳಿಯುತ್ತಿದ್ದ ಬೆಳ್ಳಂದೂರು ಕೆರೆಯು ನಗರದ ಕೊಳಚೆಯಿಂದ ತೀವ್ರವಾಗಿ ಕಲುಷಿತಗೊಂಡು, ಕಳೆದ ದಶಕದಲ್ಲಿ ನೊರೆ ಮತ್ತು ಬೆಂಕಿಯ ಕಾರಣದಿಂದ ಸುದ್ದಿಯಾಯಿತು.

ನೆಲೆಯ ಸುತ್ತ ಜನವಸತಿ ಮತ್ತು ದುಡಿಮೆ ಮುಂದುವರಿದ ಕಡೆಗಳಲ್ಲಿ ನೆನಪು ಯಾವುದಾದರೊಂದು ರೂಪದಲ್ಲಿ ಹರಿದುಬಂದಿದೆ. ಸೇನೆಯೊಂದಿಗೆ ಕೆಲಸವೂ ಹೊರಟುಹೋದ ಕೋಲಾರದಂತಹ ನೆಲೆಗಳ ಹೆಸರು ಹೆಚ್ಚಾಗಿ ಉಳಿದಿರುವುದು ದೂರದೇಶದ ಸ್ಕ್ವಾಡ್ರನ್ನುಗಳ ದಾಖಲೆಗಳಲ್ಲಿ. 1943ರಲ್ಲಿ ಇಪ್ಪತ್ತು ವರ್ಷದವರಾಗಿದ್ದವರು 2023ಕ್ಕೆ ನೂರು ವರ್ಷ ತುಂಬಬೇಕಿತ್ತು. ಈ ಕಾರಣದಿಂದ ನೇರ ಸಾಕ್ಷಿಗಳಿಂದ ಹೊಸ ಮಾಹಿತಿ ದೊರೆಯುವ ಸಾಧ್ಯತೆ ಬಹುಮಟ್ಟಿಗೆ ಮುಗಿದಿದೆ. ಮುಂದಿನ ಅಧ್ಯಯನಗಳಿಗೆ ಕುಟುಂಬಗಳಲ್ಲಿ ಉಳಿದಿರುವ ಪತ್ರ, ಛಾಯಾಚಿತ್ರ ಮತ್ತು ಸೇವಾ ದಾಖಲೆಗಳು, ಹಾಗೂ ತಂದೆತಾಯಿಯರಿಂದ ಕೇಳಿದ್ದನ್ನು ನೆನಪಿಟ್ಟುಕೊಂಡಿರುವ ಎರಡನೆಯ ತಲೆಮಾರಿನ ಮಾತುಗಳು ಆಧಾರವಾಗಲಿವೆ.

ಇವನ್ನೂ ನೋಡಿ

ಹಿಂದೂಸ್ತಾನ್ ಏರೋನಾಟಿಕ್ಸ್ ಲಿಮಿಟೆಡ್
ವಾಲ್‌ಚಂದ್ ಹೀರಾಚಂದ್
ಮಿರ್ಜಾ ಇಸ್ಮಾಯಿಲ್
ಭಾರತೀಯ ವಾಯುಪಡೆ
ಯಲಹಂಕ
ಜಾಲಹಳ್ಳಿ
ಬೆಳ್ಳಂದೂರು ಕೆರೆ